ಚೆಂಡೆಯ ಪೆಟ್ಟು ಮತ್ತು ಶ್ರೋತ್ರಪ್ರಾಣ

ಶಬ್ದವೆಂದರೆ ಏನು ಎಂಬ ಪ್ರಶ್ನೆಗೆ ಭಾರತದ ದರ್ಶನಗಳು ಒಂದೇ ಉತ್ತರ ಕೊಟ್ಟಿಲ್ಲ. ನ್ಯಾಯ-ವೈಶೇಷಿಕರಿಗೆ ಅದು ಆಕಾಶದ ಗುಣ. ಕಿವಿಯೂ ಕರ್ಣರಂಧ್ರದಲ್ಲಿ ಸಿಕ್ಕ ಆಕಾಶವೇ. ಜೈನರು ಇದನ್ನು ಒಪ್ಪಲಿಲ್ಲ. ಅವರ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯ ಶಬ್ದವನ್ನು ಪುದ್ಗಲದ, ಎಂದರೆ ಜಡದ್ರವ್ಯದ, ಪರ್ಯಾಯಗಳಲ್ಲಿ ಸೇರಿಸುತ್ತದೆ. ಗೋಡೆ ಶಬ್ದವನ್ನು ತಡೆಯುತ್ತದೆ, ದೊಡ್ಡ ಶಬ್ದ ಸಣ್ಣದನ್ನು ಅಡಗಿಸುತ್ತದೆ; ಮೂರ್ತವಾದ ವಸ್ತುವಿಗೆ ಮಾತ್ರ ಇದು ಸಾಧ್ಯ ಎಂಬುದು ಅವರ ವಾದ. ಆ ಸೂತ್ರಗಳಿಗೆ ಸರ್ವಾರ್ಥಸಿದ್ಧಿ ಎಂಬ ಟೀಕೆ ಬರೆದ ಪೂಜ್ಯಪಾದರು ಮನುಷ್ಯಪ್ರಯತ್ನದಿಂದ ಹುಟ್ಟುವ ವಾದ್ಯಶಬ್ದವನ್ನು ನಾಲ್ಕಾಗಿ ವಿಂಗಡಿಸಿದರು: ಚರ್ಮ ಬಿಗಿದ ಭೇರಿಯಂಥವುಗಳಿಂದ ಹುಟ್ಟುವುದು ತತ, ತಂತಿಯಿಂದ ವಿತತ, ತಾಳ ಘಂಟೆಗಳಿಂದ ಘನ, ಶಂಖ ಕೊಳಲುಗಳಿಂದ ಸೌಷಿರ.

ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಈ ಪ್ರಶ್ನೆ ಪಂಡಿತರ ಚರ್ಚೆಗಷ್ಟೇ ಸೇರಿದ್ದಲ್ಲ. ದೀಪಾವಳಿ ಕಳೆದ ಮೇಲೆ ಮೇ ಕೊನೆಯ ಪತ್ತನಾಜೆಯವರೆಗೆ ಇಲ್ಲಿ ಯಕ್ಷಗಾನದ ಆಟ, ದೈವಗಳ ನೇಮ, ಬಲಿ, ಜಾತ್ರೆಗಳು ಒಂದರ ಬೆನ್ನಿಗೊಂದು ನಡೆಯುತ್ತವೆ. ಆಟದಲ್ಲಿ ಚೆಂಡೆ ಮದ್ದಳೆ, ನೇಮದಲ್ಲಿ ತಾಸೆ ಡೋಲು ವಾಲಗ, ಉತ್ಸವದಲ್ಲಿ ಗರ್ನಾಲು, ಬೇಡಿ ಎಂಬ ಸಿಡಿಮದ್ದು, ಎಲ್ಲಕ್ಕೂ ಮೈಕು. ಮೆಲ್ಕಾರಿನಂಥ ಹೆದ್ದಾರಿ ಬದಿಯ ಪೇಟೆಯಲ್ಲಿ ಇದು ಲಾರಿ, ಬಸ್ಸುಗಳ ಹಾರ್ನಿನ ಮೇಲೆ ಬಂದು ಬೀಳುತ್ತದೆ. ಊರಿಗೆ ಊರೇ ಸಂತೋಷಪಡುವ ಈ ಸದ್ದು ಕೆಲವರಿಗೆ ಮೈಮೇಲೆ ಬಿದ್ದ ಏಟಿನಂತೆ ತಾಗುತ್ತದೆ. ಆಟಿಸಂ ಇರುವ ಹಲವು ಮಕ್ಕಳಿಗೆ, ಮೈಗ್ರೇನ್ ಇರುವವರಿಗೆ ಹಾಗಾಗುವುದುಂಟು. ಕಿವಿ ಮಂದವಾದ ಹಿರಿಯರಿಗೂ ಹಾಗೆಯೇ: ಸಣ್ಣ ಮಾತು ಕೇಳಿಸುವುದಿಲ್ಲ, ದೊಡ್ಡ ಸದ್ದು ತಡೆಯುವುದಿಲ್ಲ. ಶ್ರದ್ಧೆ ಸಾಲದ್ದಕ್ಕೆ, ರುಚಿ ಇಲ್ಲದ್ದಕ್ಕೆ ಹೀಗಾಗುತ್ತದೆ ಎಂದು ಹೇಳುವವರಿದ್ದಾರೆ. ಅದು ಅನ್ಯಾಯದ ಮಾತು.

ನೋವು ಸದ್ದಿನ ತೀವ್ರತೆಯೊಂದನ್ನೇ ಅವಲಂಬಿಸಿಲ್ಲ. ಜೋರಾದ ಸದ್ದು ಬಂದಾಗ ನಡುಗಿವಿಯ ಒಂದು ಚಿಕ್ಕ ಸ್ನಾಯು ಬಿಗಿದು ಒಳಗಿವಿಗೆ ಹೋಗುವ ಪೆಟ್ಟನ್ನು ಕುಗ್ಗಿಸುತ್ತದೆ. ಅದು ಬಿಗಿಯಲು ಸೆಕೆಂಡಿನ ಒಂದು ಸಣ್ಣ ಪಾಲು ಬೇಕು. ಗರ್ನಾಲಿನ ಸಿಡಿತ ಅಷ್ಟರೊಳಗೆ ಮುಗಿದಿರುತ್ತದೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ, ಎಂದರೆ ರಾಕ್ಷಸ ಪಾತ್ರದ, ಪ್ರವೇಶವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ವೇಷ ತೆರೆಯ ಹಿಂದೆ ನಿಂತು ಕಿರೀಟದ ತುದಿ, ಕೈ, ಕಣ್ಣು ಎಂದು ಇಷ್ಟಿಷ್ಟೇ ತೋರಿಸುತ್ತದೆ. ಚೆಂಡೆ ಅದರ ಜೊತೆಗೇ ಏರುತ್ತ, ಇಳಿಯುತ್ತ, ಮತ್ತೆ ಏರುತ್ತ ಹೋಗುತ್ತದೆ. ದೊಂದಿಗೆ ರಾಳ ಎರಚಿ ಬೆಂಕಿ ಭುಗ್ಗೆನ್ನುವ ಹೊತ್ತಿಗೆ ಮುಂದೇನು ಬರುತ್ತದೆಂದು ಮೈಗೆ ತಿಳಿದಿರುತ್ತದೆ. ಸದ್ದು ಕಡಿಮೆಯೇನಲ್ಲ, ಆದರೆ ಅದಕ್ಕೆ ತಾಳವಿದೆ, ಮುನ್ಸೂಚನೆಯಿದೆ. ಕಿವಿ ಸೂಕ್ಷ್ಮವಿದ್ದೂ ಚೆಂಡೆಯನ್ನು ಬಯಸಿ ಕೂರುವವರು ಇರುವುದರಲ್ಲಿ ಆಶ್ಚರ್ಯವಿಲ್ಲ.

ಮುನ್ಸೂಚನೆಯಿದ್ದರೆ ದೊಡ್ಡ ಸದ್ದೂ ಹಿತವಾಗಬಹುದು ಎಂಬುದನ್ನು ವಿತತದ, ಎಂದರೆ ತಂತಿಯ, ಕಡೆಯಿಂದ ಬ್ಲೂಸ್-ರಾಕ್ ಹೇಳುತ್ತದೆ. ಅಮೆರಿಕದ ಕರಿಯ ಜನರ ಬ್ಲೂಸ್ ಹಾಡುಗಾರಿಕೆ ಷಿಕಾಗೋದಲ್ಲಿ ಎಲೆಕ್ಟ್ರಿಕ್ ಗಿಟಾರಿಗೆ ಬಂತು. 1960ರ ದಶಕದ ನಡುವೆ ಇಂಗ್ಲೆಂಡಿನ ಯುವಕರು ಅದನ್ನು ದೊಡ್ಡ ಆಂಪ್ಲಿಫೈಯರುಗಳಿಗೆ ಏರಿಸಿದರು. ಬೆಂಗಳೂರಿನಲ್ಲಿ 1996ರಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ ತಂಡದ ಸಂಗೀತದಲ್ಲೂ ಈ ಜಾಡಿದೆ. ಆಂಪ್ಲಿಫೈಯರಿಗೆ ಅದರ ಮಿತಿ ಮೀರಿ ಸದ್ದು ಕೊಟ್ಟಾಗ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ಹೊಸ ಉಪಸ್ವರಗಳು ಹುಟ್ಟಿ ನಾದ ಒರಟಾಗುತ್ತದೆ, ಆದರೆ ಏರಿಳಿತದ ಅಂತರ ತಗ್ಗುತ್ತದೆ. ಹನ್ನೆರಡು ಬಾರ್‌ಗಳ ಆವರ್ತನ ಮತ್ತೆ ಮತ್ತೆ ಬರುವುದರಿಂದ ತಿರುವು ಎಲ್ಲಿದೆಯೆಂದು ಕೇಳುಗನಿಗೆ ಗೊತ್ತಿರುತ್ತದೆ. ಆ ಒರಟು ಗುಂಗು ಒಬ್ಬನಿಗೆ ಹಿತ, ಇನ್ನೊಬ್ಬನಿಗೆ ಅಸಹನೀಯ. ಕಿವಿಯ ಸೂಕ್ಷ್ಮ ಎಲ್ಲರಲ್ಲೂ ಒಂದೇ ಬಗೆಯದಲ್ಲ.

ಶಬ್ದ ದ್ರವ್ಯವೆಂದು ಒಪ್ಪಿದರೆ ಅದು ತಾಗುತ್ತದೆ ಎಂದೂ ಒಪ್ಪಬೇಕು. ಜೈನರ ಲೆಕ್ಕದಲ್ಲಿ ಪ್ರಾಣಗಳು ಹತ್ತು: ಇಂದ್ರಿಯಗಳು ಐದು, ಮನಸ್ಸು ಮಾತು ಕಾಯಗಳ ಬಲ ಮೂರು, ಉಸಿರು ಒಂದು, ಆಯುಸ್ಸು ಒಂದು. ಶ್ರೋತ್ರವೂ ಒಂದು ಪ್ರಾಣ. ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರದ ವ್ಯಾಖ್ಯೆ. ದ್ವೇಷ ಇರಲೇಬೇಕೆಂದಿಲ್ಲ. ಪಕ್ಕದ ಮನೆಯಲ್ಲಿ ಯಾರಿದ್ದಾರೆಂದು ವಿಚಾರಿಸದೆ ಮೈಕಿನ ಬಾಯನ್ನು ಆ ಕಡೆಗೆ ತಿರುಗಿಸುವುದು ಈ ವ್ಯಾಖ್ಯೆಯೊಳಗೆ ನೇರವಾಗಿ ಬರುತ್ತದೆ.

ಇದಕ್ಕೆ ಅದೇ ಶಾಸ್ತ್ರದಿಂದ ಒಂದು ಆಕ್ಷೇಪ ಎತ್ತಬಹುದು. ಸಾಧಕ ಸಹಿಸಬೇಕಾದ ಇಪ್ಪತ್ತೆರಡು ಪರೀಷಹಗಳನ್ನು ಹೇಳಿದ ಮೇಲೆ ಸದ್ದನ್ನೂ ಹಾಗೆಯೇ ಸಹಿಸಬಾರದೇಕೆ? ಆದರೆ ಪರೀಷಹಜಯ ವ್ರತ ತೊಟ್ಟವನು ತಾನಾಗಿ ಒಪ್ಪಿಕೊಂಡ ಕಷ್ಟ. ವ್ರತ ತೊಡದ ಮಗುವಿನ ಮೇಲೆ ಇನ್ನೊಬ್ಬರು ಅದನ್ನು ಹೇರಲು ಬರುವುದಿಲ್ಲ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಆರಾಧನೆಗೆ ಸದ್ದು ಬೇಕೇ ಬೇಕು. ಘಂಟೆ ದೇವತೆಗಳನ್ನು ಕರೆಯಲಿಕ್ಕೆ. ಆಟದ ಮುನ್ನ ಬಾರಿಸುವ ಕೇಳಿ ಸುತ್ತಣ ಊರಿಗೆ ಸುದ್ದಿ ಮುಟ್ಟಿಸಲಿಕ್ಕೆ. ಇದು ನಿಜ. ಆದರೆ ಕೇಳಿ ಬಾರಿಸುವ ಪದ್ಧತಿ ಹುಟ್ಟಿದ್ದು ಮೈಕಿಲ್ಲದ ಕಾಲದಲ್ಲಿ. ಆಗ ಸದ್ದು ಚರ್ಮ ಮತ್ತು ತೋಳಿನ ಬಲ ಇರುವಷ್ಟೇ ಇತ್ತು, ಕೇಳುಗ ನಾಲ್ಕು ಹೆಜ್ಜೆ ಹಿಂದೆ ಸರಿದರೆ ತಗ್ಗುತ್ತಿತ್ತು. ಗದ್ದೆಯ ನಾಲ್ಕು ಮೂಲೆಗೂ ಸ್ಪೀಕರ್ ಕಟ್ಟಿದ ಮೇಲೆ ಸರಿಯಲು ಜಾಗವಿಲ್ಲ.

ಜೈನ ಆಗಮದ ಧವಲಾ ಟೀಕೆಯ ತಾಳೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ ಮೂಡುಬಿದಿರೆಯ ಪರಂಪರೆಗೆ ದಿವ್ಯಧ್ವನಿಯ ಕಲ್ಪನೆ ಪರಿಚಿತ. ಸಮವಸರಣದಲ್ಲಿ, ಎಂದರೆ ಉಪದೇಶದ ಸಭೆಯಲ್ಲಿ, ತೀರ್ಥಂಕರನ ಧ್ವನಿ ಒಂದೇ. ದೇವ, ಮನುಷ್ಯ, ಪಶುಪಕ್ಷಿ ಪ್ರತಿಯೊಂದಕ್ಕೂ ಅದು ಅದರದರ ಭಾಷೆಯಲ್ಲಿ ತಿಳಿಯುತ್ತದೆ. ಧರ್ಮದ ಶಬ್ದ ಕೇಳುವ ಕಿವಿಗೆ ಹೊಂದಿಕೊಂಡು ಹೋಗುತ್ತದೆ ಎಂಬ ಈ ಭಾವನೆ ಬಹಳ ದೊಡ್ಡದು.

ಕಾನೂನು ಇಷ್ಟು ದೂರ ಹೋಗುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಹಾಕಿವೆ; ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಉತ್ಸವಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ರಾಜ್ಯ ಸರ್ಕಾರ ವಿನಾಯಿತಿ ಕೊಡಬಹುದು. ಅದೇ 2000ದಲ್ಲಿ ಸುಪ್ರೀಂ ಕೋರ್ಟು, ಬೇರೆಯವರ ನೆಮ್ಮದಿ ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವುದಿಲ್ಲವೆಂದು ಒಂದು ಚರ್ಚಿನ ಪ್ರಕರಣದಲ್ಲಿ ಹೇಳಿತು. 2022ರ ಕೊನೆಗೆ ಹೊರಟ ತಿರುಗಾಟದಲ್ಲಿ ಕಟೀಲು ದೇವಸ್ಥಾನದ ಯಕ್ಷಗಾನ ಮೇಳಗಳ ಇಡೀ ರಾತ್ರಿಯ ಆಟ ಕಾಲಮಿತಿಗೆ ಇಳಿದದ್ದು ಈ ನಿಯಮಗಳ ಕಾರಣದಿಂದಲೇ. ಭಕ್ತರಿಗೆ ಅದು ನೋವು ತಂದಿತು. ಇಷ್ಟಾಗಿಯೂ ನಿಯಮಗಳ ಡೆಸಿಬಲ್ ಲೆಕ್ಕ ಒಂದು ಅವಧಿಯ ಸರಾಸರಿ. ಒಂಟಿ ಗರ್ನಾಲು ಅದರಲ್ಲಿ ಕರಗಿಹೋಗಬಹುದು, ಮುನ್ಸೂಚನೆ ಕೊಟ್ಟು ಏರುವ ಚೆಂಡೆ ಸಿಕ್ಕಿಬೀಳಬಹುದು.

ಎಚ್ಚರವನ್ನೇ ಅಳತೆಗೋಲು ಮಾಡಿಕೊಂಡರೆ ಮಾಡಬೇಕಾದದ್ದು ಬೇರೆಯೇ ಆಗುತ್ತದೆ. ಗರ್ನಾಲಿಗೆ ಬೆಂಕಿ ಇಡುವ ಮೊದಲು ಮೈಕಿನಲ್ಲಿ ಒಂದು ಮಾತು ಹೇಳಬಹುದು. ಸ್ಪೀಕರ್ ಇಲ್ಲದ ಒಂದು ಬದಿಯನ್ನು ಬಿಟ್ಟು ಅಲ್ಲಿ ನಾಲ್ಕು ಕುರ್ಚಿ ಹಾಕಬಹುದು. ಚೆಂಡೆಗೆ ಮೈಕು ಬೇಕೇ ಎಂದು ಮೇಳದವರೂ ಆಟ ಆಡಿಸುವವರೂ ಕೂತು ಮಾತಾಡಬಹುದು. ಕಿವಿಗೆ ಹತ್ತಿ ಇಟ್ಟುಕೊಂಡು ಆಟ ನೋಡುವ ಹುಡುಗನನ್ನು ಯಾರೂ ಕೆಣಕದಂತೆ ನೋಡಿಕೊಳ್ಳುವುದಕ್ಕೆ ಖರ್ಚೇ ಇಲ್ಲ.