ಬಂದೂಕು ಕೊಟ್ಟವರ ಋಣ

ಒಮಾನಿನ ದಕ್ಷಿಣ ತುದಿಯ ಧೋಫಾರ್ ಬೆಟ್ಟಗಳಲ್ಲಿ 1971ರ ಮೊದಲ ತಿಂಗಳುಗಳಲ್ಲಿ ಒಂದು ಸಣ್ಣ ಪಡೆ ಹುಟ್ಟಿತು. ಅದರಲ್ಲಿದ್ದವರು ಸ್ವಲ್ಪ ಕಾಲದ ಹಿಂದಷ್ಟೇ ಸುಲ್ತಾನನ ಸೇನೆಯ ಮೇಲೆ ಗುಂಡು ಹಾರಿಸುತ್ತಿದ್ದವರು. ಇಂಥ ಪಡೆಗೆ ಅಲ್ಲಿ ಫಿರ್ಕಾ ಎನ್ನುತ್ತಾರೆ. ನಾಯಕ ಸಾಲಿಂ ಮುಬಾರಕ್ ಅದಕ್ಕೆ ಆರಿಸಿದ ಹೆಸರು ಸಲಾಹುದ್ದೀನ್. 1187ರಲ್ಲಿ ಜೆರುಸಲೇಮ್ ಗೆದ್ದ ಆ ದೊರೆ ಕುರ್ದ್ ಮನೆತನದವನು. ಧೋಫಾರಿನ ದನಗಾಹಿಗಳಿಗೂ ಉತ್ತರದ ಕುರ್ದರಿಗೂ ರಕ್ತಸಂಬಂಧವೇನಿಲ್ಲ. ಆದರೆ ಎರಡೂ ಕಡೆ ಬೆಟ್ಟದ ಜನ ದೊಡ್ಡವರು ಕೊಟ್ಟ ಬಂದೂಕು ಹಿಡಿದು ಕಾದಿದ್ದಾರೆ. ಕೊಟ್ಟವರ ಕೆಲಸ ಮುಗಿದ ಮೇಲೆ ಹಿಡಿದವರ ಗತಿಯೇನು ಎಂಬ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಧೋಫಾರಿನ ದಂಗೆ ಶುರುವಾದದ್ದು 1965ರಲ್ಲಿ. ಅಜ್ಮೀರದ ಮೇಯೋ ಕಾಲೇಜಿನಲ್ಲಿ ಓದಿದ್ದ ಸುಲ್ತಾನ ಸಯೀದ್ ಬಿನ್ ತೈಮೂರ್ ತನ್ನ ಜನಕ್ಕೆ ಮಾತ್ರ ಸಾಕಷ್ಟು ಶಾಲೆ ಕೊಡಲಿಲ್ಲ, ಆಸ್ಪತ್ರೆ ಕೊಡಲಿಲ್ಲ. ದಂಗೆಯೆದ್ದ ಬೆಟ್ಟಕ್ಕೆ ಆಹಾರ ಹೋಗದಂತೆ ತಡೆದ, ಬಾವಿಗಳನ್ನು ಮುಚ್ಚಿಸಿದ. ದಕ್ಷಿಣ ಯೆಮೆನಿನ ಬೆಂಬಲದಿಂದ ಬೆಳೆದು ಮಾರ್ಕ್ಸ್‌ವಾದಕ್ಕೆ ತಿರುಗಿದ ದಂಗೆಕೋರರ ವಿಮೋಚನಾ ರಂಗ ಹುಡುಗಿಯರಿಗೆ ಅಕ್ಷರ ಕಲಿಸಿತು, ಗುಲಾಮಗಿರಿ ಇಲ್ಲವೆಂದಿತು. ಅದೇ ರಂಗ ತನ್ನನ್ನು ಒಪ್ಪದ ಹಿರಿಯರನ್ನು ಕೊಂದಿತು, ನಂಬಿಕೆಯ ಮೇಲೂ ಕೈಹಾಕಿತು. 1970ರ ಜುಲೈ 23ರಂದು ಮಗ ಕಾಬೂಸ್ ಬ್ರಿಟಿಷರ ನೆರವಿನಿಂದ ತಂದೆಯನ್ನು ಇಳಿಸಿ, ಶರಣಾದವರಿಗೆ ಕ್ಷಮೆ ಸಾರಿದ. ಸೆಪ್ಟೆಂಬರಿನಲ್ಲಿ ಪೂರ್ವದ ಬುಡಕಟ್ಟುಗಳು ರಂಗದ ವಿರುದ್ಧ ತಿರುಗಿಬಿದ್ದು ಪೆಟ್ಟು ತಿಂದವು. ಸಾಲಿಂ ಮುಬಾರಕ್ ಇಳಿದು ಬಂದದ್ದು ಆ ಗಾಯದಿಂದ. ಅವನನ್ನು ಪಕ್ಷಾಂತರಿಯೆಂದೋ ದ್ರೋಹಿಯೆಂದೋ ಕರೆಯಲು ನನಗೆ ನಾಲಿಗೆ ಏಳುವುದಿಲ್ಲ.

ಬ್ರಿಟನ್ನಿನ ವಿಶೇಷ ಪಡೆ ಎಸ್‌ಎಎಸ್ ಅವನ ಪಡೆಗೆ ತರಬೇತಿ ಕೊಟ್ಟಿತು. 1971ರ ಫೆಬ್ರವರಿಯಲ್ಲಿ ಸದಾ ಎಂಬ ಕರಾವಳಿ ಊರು ಕೈಗೆ ಬಂತು. ಸ್ವಲ್ಪ ದಿನದಲ್ಲೇ ಸಾಲಿಂ ತೀರಿಕೊಂಡ. ಬುಡಕಟ್ಟುಗಳನ್ನು ಬೆರೆಸಿ ಒಂದೇ ಪಡೆ ಕಟ್ಟುವ ಅವನ ಕನಸು ಆಮೇಲೆ ನಿಲ್ಲಲಿಲ್ಲ. ಮುಂದಿನ ಫಿರ್ಕಾಗಳು ಹೆಚ್ಚಾಗಿ ಒಂದೊಂದು ಬುಡಕಟ್ಟಿನವು.

ಅದೇ ವರ್ಷದ ಅಕ್ಟೋಬರಿನಲ್ಲಿ ದೊಡ್ಡ ದಾಳಿ ನಡೆದಾಗ ರಂಜಾನ್ ಬಂತು. ಕಾದುವವರು ಉಪವಾಸ ಬಿಡಬಹುದೆಂದು ಧರ್ಮಗುರುಗಳ ಅನುಮತಿಯಿದ್ದರೂ ಫಿರ್ಕಾದವರು ಒಪ್ಪಲಿಲ್ಲ. ಆಮೇಲೆ ತಮ್ಮ ದನಗಳನ್ನು ಕೆಳಗಿನ ತಾಕಾ ಪೇಟೆಗೆ ಇಳಿಸಿಕೊಡಿ ಎಂದು ಪಟ್ಟು ಹಿಡಿದರು. ಸೈನ್ಯ ಕಾವಲು ನಿಂತು ನೂರಾರು ದನಗಳನ್ನು ಹೊಡೆದುಕೊಂಡು ಇಳಿಯಬೇಕಾಯಿತು. ಇವರನ್ನು ನಂಬಿ ಯುದ್ಧ ಮಾಡುವುದು ಹೇಗೆ ಎಂದು ಅಧಿಕಾರಿಗಳು ರೇಗಿದರು. ತುರುಗೊಳ್‌ನಲ್ಲಿ, ಅಂದರೆ ದನಗಳಿಗಾಗಿ ನಡೆದ ಕಾಳಗದಲ್ಲಿ, ಮಡಿದವರ ವೀರಗಲ್ಲುಗಳನ್ನು ಊರೂರಲ್ಲಿ ಕಂಡ ನಮಗೆ ಆ ಹಟ ಅರ್ಥವಾಗಬೇಕು. ದನವೇ ಅವರ ಬದುಕು. ಸುಲ್ತಾನನ ಗೆಲುವಿಗಾಗಿ ಮಾತ್ರ ಅವರು ಬೆಟ್ಟ ಹತ್ತಿರಲಿಲ್ಲ.

ನಮ್ಮ ಹಳೆಯ ಶಾಸನಗಳಲ್ಲಿ ಉಂಡ ಅನ್ನದ ಋಣವನ್ನು ಆಳು ಒಡೆಯನಿಗೆ ತೀರಿಸುವ ಜೋಳವಾಳಿಯಿದೆ. ಅದರ ಜೊತೆಗೆ, ಕಾದಿ ಸತ್ತವನ ಮನೆಯವರಿಗೆ ಒಡೆಯ ಭೂಮಿ ಬಿಟ್ಟುಕೊಡುವ ನೆತ್ತರುಗೊಡಗೆಯೂ ಇದೆ. ನಾವು ಮೊದಲನೆಯದನ್ನು ಹಾಡಿ ಹೊಗಳಿ ಎರಡನೆಯದನ್ನು ಮರೆತವರು.

ಧೋಫಾರಿನಲ್ಲಿ ಒಡೆಯನ ಪಾಲು ಬಹುಮಟ್ಟಿಗೆ ಸಂದಿತು. ಫಿರ್ಕಾ ತನ್ನ ನೆಲದಲ್ಲಿ ಜಾಗ ತೋರಿಸುವುದು, ಅಲ್ಲಿಗೆ ದಾರಿ ಕಡಿದು ಕೊಳವೆಬಾವಿ ತೋಡುವುದು, ಬಾವಿಯ ಸುತ್ತ ಶಾಲೆ, ದವಾಖಾನೆ, ಮಸೀದಿ, ಅಂಗಡಿ ಏಳುವುದು. ಹೀಗೆ ಬೆಟ್ಟ ಒಲಿಯಿತು. 1975ರ ಡಿಸೆಂಬರಿನಲ್ಲಿ ಯುದ್ಧ ಮುಗಿಯಿತೆಂದು ಸುಲ್ತಾನ ಸಾರಿದ. ಫಿರ್ಕಾಗಳ ಸಂಬಳ ನಿಲ್ಲಲಿಲ್ಲ. ಆದರೆ ಆ ನೀರಿಗೊಂದು ಷರತ್ತೂ ಇತ್ತು: ಮತ್ತೆ ರಂಗದವರನ್ನು ಸೇರಿಸಿಕೊಂಡರೆ ಬಾವಿ ನಿಲ್ಲುತ್ತದೆ ಎಂದು ಜನರಿಗೆ ಹೇಳಲಾಗಿತ್ತು. ಬಾಯಾರಿದವನ ಮುಂದೆ ನೀರಿಟ್ಟು ನಿಷ್ಠೆ ಕೇಳುವುದನ್ನು ಪೂರ್ತಿ ನ್ಯಾಯವೆನ್ನಲಾರೆ. ಆದರೂ ನೀರು ಬಂತು, ಮಕ್ಕಳು ಓದಿದರು.

ಈ ಗೆಲುವಿನಲ್ಲಿ ಇರಾನಿನ ಶಾಹನ ಸಾವಿರಾರು ಸೈನಿಕರ ಪಾಲೂ ಇತ್ತು. ಅದೇ ಶಾಹ, ಅದೇ 1975ರಲ್ಲಿ, ಮಾರ್ಚ್ 6ರಂದು ಆಲ್ಜಿಯರ್ಸ್‌ನಲ್ಲಿ ಸದ್ದಾಂ ಹುಸೇನನ ಜೊತೆ ಗಡಿ ಒಪ್ಪಂದ ಮಾಡಿಕೊಂಡು, ಅಲ್ಲಿಯವರೆಗೆ ತಾನೇ ಶಸ್ತ್ರ ಕೊಟ್ಟು ಕಾದಿಸಿದ್ದ ಇರಾಕಿನ ಕುರ್ದರ ಕೈಬಿಟ್ಟ. ಅಮೆರಿಕವೂ ಗುಟ್ಟಾಗಿ ನೆರವಾಗಿ ಗುಟ್ಟಾಗಿಯೇ ಹಿಂದೆ ಸರಿಯಿತು. ಕುರ್ದ್ ನಾಯಕ ಮುಲ್ಲಾ ಮುಸ್ತಫಾ ಬರ್ಜಾನಿಯ ಪಡೆ ಕೆಲವೇ ದಿನಗಳಲ್ಲಿ ಕುಸಿಯಿತು, ಸಾವಿರಾರು ಕುಟುಂಬಗಳು ಹಿಮದಲ್ಲಿ ಗಡಿ ದಾಟಿದವು. ಧೋಫಾರಿನ ಬೆಟ್ಟ ಶಾಹನಿಗೆ ಬೇಕಿತ್ತು, ಕುರ್ದರ ಬೆಟ್ಟ ಇನ್ನು ಬೇಕಿರಲಿಲ್ಲ.

ಸಿರಿಯಾದಲ್ಲಿ ಮತ್ತೆ ಅದೇ ಆಯಿತು. ಗಡಿಯ ಕೊಬಾನಿ ಪಟ್ಟಣವನ್ನು ಉಳಿಸಿದ, ಐಸಿಸ್ ವಿರುದ್ಧದ ಕಾಳಗದಲ್ಲಿ 11,000ದಷ್ಟು ಮಂದಿಯನ್ನು ಕಳೆದುಕೊಂಡೆವೆನ್ನುವ ಕುರ್ದ್ ನೇತೃತ್ವದ ಪಡೆಯ ಪಕ್ಕದಿಂದ 2019ರ ಅಕ್ಟೋಬರಿನಲ್ಲಿ ಅಮೆರಿಕದ ಸೈನಿಕರು ಗಡಿ ಬಿಟ್ಟು ಸರಿದರು. ಟರ್ಕಿಯ ಸೇನೆ ಒಳಗೆ ಬಂತು. ಮಡಿದವರಲ್ಲಿ ಹೆಣ್ಣುಮಕ್ಕಳೂ ಇದ್ದರು.

ಇದು ದೂರದ ಮಾತಲ್ಲ. ಛತ್ತೀಸ್‌ಗಢದಲ್ಲಿ ನಕ್ಸಲರ ವಿರುದ್ಧ ಆದಿವಾಸಿ ಹುಡುಗರ ಕೈಗೆ ಬಂದೂಕು ಕೊಟ್ಟು ಅವರ ಬಂಧುಗಳ ಮೇಲೆಯೇ ಬಿಟ್ಟದ್ದು ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2011ರ ಜುಲೈನಲ್ಲಿ ಹೇಳಬೇಕಾಯಿತು. ನಮ್ಮ ಮಲೆನಾಡಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ 2024ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಸತ್ತ ಮೇಲೆ, 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಗಳೆದುರು ಶರಣಾದರು. ಅವರನ್ನು ಮತ್ತೆ ಕಾಡಿಗೆ ಬೇಟೆನಾಯಿಗಳಂತೆ ಅಟ್ಟಬಾರದು. ಅವರು ಯಾವ ಊರುಗಳ ಹೆಸರಲ್ಲಿ ಕಾಡು ಸೇರಿದ್ದರೋ ಆ ಊರುಗಳ ಭೂಮಿಯ ಹಕ್ಕು, ದಾರಿ, ಶಾಲೆ ಎಲ್ಲಿಗೆ ಬಂತೆಂದು ಕೇಳುತ್ತಿರುವುದು ನಮ್ಮ ಹೊಣೆ.

ಒಮಾನಿನ ಲೆಕ್ಕವೂ ಪೂರ್ತಿ ಚುಕ್ತಾ ಆಗಿಲ್ಲ. ರಂಗದಲ್ಲಿದ್ದ ಯೂಸುಫ್ ಬಿನ್ ಅಲವಿಯಂಥವರು ಮುಂದೆ ದೇಶದ ವಿದೇಶಾಂಗ ಖಾತೆ ನಡೆಸಿದರು. ಅದು ದೊಡ್ಡ ಮನಸ್ಸಿನ ಕೆಲಸ. ಆದರೆ ಶರಣಾಗದೆ ಬೆಟ್ಟದಲ್ಲೇ ಮಡಿದ ಗಂಡಸರ, ಹೆಂಗಸರ ನೆನಪಿಗೆ ಸರ್ಕಾರದ ಚರಿತ್ರೆ ಜಾಗ ಬಿಟ್ಟಿಲ್ಲ. ಮನೆಮಂದಿ ತಮ್ಮತಮ್ಮಲ್ಲೇ ಅವರನ್ನು ಉಳಿಸಿಕೊಂಡಿದ್ದಾರೆ. ಫಿರ್ಕಾದವನೂ ಅವನ ಗುಂಡಿಗೆ ಬಿದ್ದವನೂ ಎಷ್ಟೋ ಕಡೆ ಒಂದೇ ಮನೆತನದವರು. ಬಾವಿಯ ನೀರು ಇಬ್ಬರ ಮಕ್ಕಳಿಗೂ ಸಿಕ್ಕಿತು, ಹೆಸರು ಒಬ್ಬನಿಗಷ್ಟೇ.