ಒಳ್ಳೆಯ ಕೊಡುಗೆ ಯಾವುದು? (ಮತ್ತಾಯ 7:9-11)

ಹಸಿದ ಮಗನ ಕೈಗೆ ಕಲ್ಲನ್ನೋ ಹಾವನ್ನೋ ಇಡುವ ತಂದೆ ಇದ್ದಾನಾ ಅಂತ ಕರ್ತನು ಕೇಳಿದ ಭಾಗವನ್ನು ಈಗಷ್ಟೇ ಓದಿದೆವು. ಕ್ರಿಸ್ಮಸ್ ಹತ್ತಿರ ಬಂತು. ಕೊಡುವುದೂ ತೆಗೆದುಕೊಳ್ಳುವುದೂ ಎಲ್ಲ ಮನೆಗಳಲ್ಲಿ ನಡೆಯುವ ಕಾಲ ಇದು. ಅದಕ್ಕೇ ಈ ದಿನ ಈ ವಾಕ್ಯ.

ಪ್ರಿಯರೇ, ಒಂದು ಮನೆಯನ್ನು ನೆನೆಸಿಕೊಳ್ಳಿ. ದುಬೈಯಿಂದ ಭಾವ ರಜೆಗೆ ಬಂದಿದ್ದಾರೆ. ಎಲ್ಲರಿಗೂ ಏನೋ ತಂದಿದ್ದಾರೆ. ಬಾಮೈದನಿಗೆ ಒಂದು ಚಂದದ ಮರದ ಪೈಪು, ಜೊತೆಗೆ ಒಂದು ಡಬ್ಬಿ ತಂಬಾಕು. ಬಾಮೈದ ದೀಕ್ಷಾಸ್ನಾನ ತೆಗೆದುಕೊಂಡು ಎರಡು ವರ್ಷ ಆಗಿದೆ. ಕಷ್ಟಪಟ್ಟು ಸಿಗರೇಟು ಬಿಟ್ಟಿದ್ದಾನೆ. ಭಾವನಿಗೆ ಅದು ಗೊತ್ತಿಲ್ಲ. ಪ್ರೀತಿಯಿಂದಲೇ ತಂದಿದ್ದಾರೆ. ಈಗ ಅವನು ಏನು ಮಾಡಬೇಕು? ಮುಖಕ್ಕೆ ಹೊಡೆದ ಹಾಗೆ ವಾಪಸ್ ಕೊಡಬೇಕಾ? ಬೇಜಾರಾಗಬಾರದು ಅಂತ ಒಂದು ಸಲ ಸೇದಿಬಿಡಬೇಕಾ? ಒಂದೇ ಒಂದು ಸಲ ಅಂತ ಹೇಳಿ ಮತ್ತೆ ಅದೇ ಗುಂಡಿಗೆ ಬಿದ್ದವರು ಎಷ್ಟು ಜನ!

ಮೊದಲು ಕೊಡುವವರ ವಿಷಯ ನೋಡೋಣ. 1914ರಲ್ಲಿ ಮೊದಲನೇ ಮಹಾಯುದ್ಧ ನಡೀತಾ ಇತ್ತು. ಇಂಗ್ಲೆಂಡಿನ ಅರಸನಾದ ಐದನೇ ಜಾರ್ಜ್‌ನ ಮಗಳು ಮೇರಿಗೆ ಆಗ 17 ವರ್ಷ. ಸೈನಿಕರಿಗೂ ನಾವಿಕರಿಗೂ ಕ್ರಿಸ್ಮಸ್ ಉಡುಗೊರೆ ಕಳಿಸೋಣ ಅಂತ ಅವಳ ಹೆಸರಿನಲ್ಲಿ ಜನರನ್ನು ಕೇಳಲಾಯಿತು. ಜನ 1,60,000 ಪೌಂಡಿಗಿಂತ ಹೆಚ್ಚು ಕೊಟ್ಟರು. ಒಂದು ಪುಟ್ಟ ಹಿತ್ತಾಳೆ ಪೆಟ್ಟಿಗೆ, ಒಂದು ಶುಭಾಶಯದ ಕಾರ್ಡು. ಅದರ ಜೊತೆ ಸೇದುವವರಿಗೆ ಒಂದು ಪೈಪು, ಒಂದು ಔನ್ಸ್ ತಂಬಾಕು, 20 ಸಿಗರೇಟು.

ಆದರೆ ಗಮನಿಸಿ, ಎಲ್ಲರಿಗೂ ಪೈಪು ಹೋಗಲಿಲ್ಲ. ಸೇದದವರಿಗೆ ಪೆನ್ಸಿಲು, ಕಾಗದ ಬರೆಯುವ ಸಾಮಾನು, ಪೆಪ್ಪರಮೆಂಟಿನಂಥ ಮಿಠಾಯಿ. ನಮ್ಮ ದೇಶದ ಸೈನಿಕರೂ ಅಲ್ಲಿದ್ದರು. ಸಿಖ್ಖರ ಧರ್ಮದಲ್ಲಿ ತಂಬಾಕು ನಿಷಿದ್ಧ. ಆದ್ದರಿಂದ ಸಿಖ್ ಸೈನಿಕರಿಗೆ ಕಲ್ಲುಸಕ್ಕರೆ, ಒಂದು ಡಬ್ಬಿ ಮಸಾಲೆ ಪದಾರ್ಥ. ಲಕ್ಷಗಟ್ಟಲೆ ಪೆಟ್ಟಿಗೆ ಕಟ್ಟುವ ಗಡಿಬಿಡಿಯಲ್ಲಿಯೂ ಯಾರೋ ಒಬ್ಬರು ನಿಂತು, "ಇದು ಯಾರ ಕೈಗೆ ಹೋಗುತ್ತೆ?" ಅಂತ ಕೇಳಿದ್ದಾರೆ. ನಾವು ಒಂದೇ ಒಂದು ಉಡುಗೊರೆ ಕೊಳ್ಳುವಾಗ ಅಷ್ಟು ಕೇಳ್ತೀವಾ, ದೇವಜನರೇ?

ಪೈಪು ಕಳಿಸಿದವರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಚಳಿಯಲ್ಲಿ, ಕೆಸರಿನಲ್ಲಿ ನಿಂತ ಹುಡುಗನಿಗೆ ಸ್ವಲ್ಪ ನೆಮ್ಮದಿಯಾಗಲಿ ಅಂತ ಕೊಟ್ಟರು. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಡಾಲ್ ಮತ್ತು ಹಿಲ್ ಎಂಬ ಇಬ್ಬರು ಸಂಶೋಧಕರು ಬ್ರಿಟನ್ನಿನಲ್ಲಿ ತೋರಿಸಿದ್ದು 1950ರಲ್ಲಿ. ಪೈಪಿನ ಹೊಗೆ ತುಟಿ, ನಾಲಿಗೆ, ಗಂಟಲಿಗೂ ಕ್ಯಾನ್ಸರ್ ತರುತ್ತದೆ ಎಂಬುದು ಈಗ ಗೊತ್ತಿರುವ ಸಂಗತಿ. ಅವರಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಅಪೊಸ್ತಲನಾದ ಪೌಲನು ಫಿಲಿಪ್ಪಿ 1:9ರಲ್ಲಿ ಏನೆಂದು ಪ್ರಾರ್ಥಿಸುತ್ತಾನೆ? ಪ್ರೀತಿ ಹೆಚ್ಚಲಿ ಅಂತ ಮಾತ್ರವಲ್ಲ, ಅದು ತಿಳಿವಳಿಕೆಯೊಂದಿಗೆ ಹೆಚ್ಚಲಿ ಅಂತ. ಪ್ರೀತಿಗೆ ಕಣ್ಣು ಬೇಕು. ಆಮೆನ್ ಹೇಳ್ತೀರಾ?

ಇನ್ನು ತೆಗೆದುಕೊಳ್ಳುವವರ ವಿಷಯ. 2 ಸಮುವೇಲ 23ನೇ ಅಧ್ಯಾಯಕ್ಕೆ ಬನ್ನಿ. ದಾವೀದನಿಗೆ ಬೇತ್ಲೆಹೇಮಿನ ಬಾವಿಯ ನೀರು ಕುಡಿಯುವ ಆಸೆಯಾಯಿತು. ಊರು ಫಿಲಿಷ್ಟಿಯರ ಕೈಯಲ್ಲಿತ್ತು. ಮೂವರು ವೀರರು ಶತ್ರುಗಳ ಪಾಳೆಯವನ್ನು ಸೀಳಿಕೊಂಡು ಹೋಗಿ ನೀರು ತಂದುಕೊಟ್ಟರು. ದಾವೀದನು ಕುಡಿಯಲಿಲ್ಲ. ಅದನ್ನು ಯೆಹೋವನ ಮುಂದೆ ಹೊಯ್ದನು. ಆ ನೀರು ಕೆಟ್ಟದ್ದೇನೂ ಅಲ್ಲ. ತಂದವರು ಪ್ರಾಣವನ್ನೇ ಪಣಕ್ಕಿಟ್ಟಿದ್ದರು ಎಂಬ ಕಾರಣಕ್ಕೆ ಅವನು ಕುಡಿಯಲಿಲ್ಲ. ಇದರಿಂದ ನಾನು ಕಲಿಯುವುದು ಇಷ್ಟು: ವಸ್ತುವನ್ನು ಬಳಸದೇ ಇದ್ದರೂ ಕೊಟ್ಟವರ ಪ್ರೀತಿಯನ್ನು ಗೌರವಿಸಬಹುದು. ಎರಡೂ ಬೇರೆ ಬೇರೆ.

ಹಾಗಾದರೆ ಆ ಬಾಮೈದ ಏನು ಹೇಳಬಹುದು? "ಭಾವ, ಅಷ್ಟು ದೂರದಿಂದ ನನ್ನನ್ನ ನೆನಪಿಟ್ಟುಕೊಂಡು ತಂದಿದ್ದೀರಿ, ತುಂಬಾ ಸಂತೋಷ. ಆದರೆ ಒಂದು ವಿಷಯ ನಿಮಗೆ ಹೇಳಿಲ್ಲ, ಕರ್ತನು ನನ್ನನ್ನ ಇದರಿಂದ ಬಿಡಿಸಿದ್ದಾನೆ." ಇಷ್ಟೇ ಸಾಕು. ಉಪದೇಶ ಬೇಡ, ನರಕದ ಮಾತು ಬೇಡ. ಆಮೇಲೆ ಒಟ್ಟಿಗೆ ಕೂತು ಊಟ ಮಾಡಿ. ಆ ಒಂದು ಮಾತೇ ಸಾಕ್ಷಿ.

ಮತ್ತೆ ಆ ಪೈಪನ್ನು ಏನು ಮಾಡೋದು? ಕೆಲವರು ಜಾಣರು. "ನನಗೆ ಬೇಡ, ಪಕ್ಕದ ಮನೆಯವರಿಗೆ ಕೊಟ್ಟುಬಿಡ್ತೀನಿ" ಅಂತಾರೆ. ನಮ್ಮ ದೇಹ ಪವಿತ್ರಾತ್ಮನ ಆಲಯ ಅಂತ 1 ಕೊರಿಂಥ 6ನೇ ಅಧ್ಯಾಯದಿಂದ ಕಲಿತಿದ್ದೀವಿ. ಪಕ್ಕದ ಮನೆಯವರ ದೇಹವನ್ನು ಸೃಷ್ಟಿಸಿದವನೂ ಅದೇ ದೇವರಲ್ಲವಾ? ನನಗೆ ವಿಷವಾದದ್ದು ಅವರಿಗೆ ಉಡುಗೊರೆ ಆಗುವುದು ಹೇಗೆ? ನಿಮ್ಮ ಮನೆಯಲ್ಲೇ ಅದರ ದಾರಿ ಮುಗಿಯಲಿ.

ಇಲ್ಲಿ ಕೂತವರಲ್ಲಿ ಇನ್ನೂ ಬಿಡಲಾಗದೆ ಹೋರಾಡುವ ಸಹೋದರರು ಇರಬಹುದು. ಜೇಬಿನಲ್ಲಿ ಪ್ಯಾಕೆಟ್ ಇಟ್ಟುಕೊಂಡೇ ಆರಾಧನೆಗೆ ಬಂದಿರಬಹುದು. ಸಹೋದರನೇ, ನಿನ್ನನ್ನು ನಾಚಿಕೆಪಡಿಸಲು ಈ ಸಂದೇಶವಲ್ಲ. ನಿಕೋಟಿನ್ ನಿಜವಾಗಿ ಹಿಡಿದುಕೊಳ್ಳುವ ವಸ್ತು. ಪ್ರಾರ್ಥಿಸು, ಹಾಗೇ ಡಾಕ್ಟರ ಹತ್ತಿರವೂ ಹೋಗು. ಔಷಧಿ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತಲ್ಲ. ಬಿಡುವವರಿಗೆ ಸಹಾಯ ಮಾಡುವ ಉಚಿತ ನಂಬರು ಆ ಪ್ಯಾಕೆಟ್ ಮೇಲೆಯೇ ಅಚ್ಚಾಗಿದೆ: 1800-11-2356. ಹೆಂಡತಿ ಮಕ್ಕಳಿಗೆ ಈ ಕ್ರಿಸ್ಮಸ್‌ನಲ್ಲಿ ನೀನು ಕೊಡಬಹುದಾದ ದೊಡ್ಡ ಉಡುಗೊರೆ ಅಂಗಡಿಯಲ್ಲಿ ಸಿಗೋದಲ್ಲ. ನೀನು ಉಸಿರಾಡುತ್ತಾ ಅವರ ಜೊತೆ ಇರೋದೇ ಅದು.

ತಂದೆಯಾದ ದೇವರು ನಮ್ಮನ್ನು ನೋಡಿ, ನಮಗೆ ಬೇಕಾದದ್ದು ಏನೆಂದು ತಿಳಿದು, ತನ್ನ ಮಗನನ್ನೇ ಕೊಟ್ಟನು. ಆತನಿಂದ ತೆಗೆದುಕೊಂಡ ನಾವು ಹಾಗೆಯೇ ನೋಡಿ ಕೊಡೋಣ. ಎಲ್ಲರೂ ತಲೆಬಾಗಿಸಿ ಪ್ರಾರ್ಥಿಸೋಣ.

ಪ್ರೀತಿಯುಳ್ಳ ತಂದೆಯೇ, ನಮ್ಮ ಪ್ರೀತಿಗೆ ತಿಳಿವಳಿಕೆ ಕೊಡು. ಕೊಡುವ ನಮ್ಮ ಕೈಗಳನ್ನು ಶುದ್ಧ ಮಾಡು. ಬೇಡವೆನ್ನಬೇಕಾದಾಗ ಮೃದುವಾದ ಬಾಯಿ ಕೊಡು. ಕಟ್ಟಿನಲ್ಲಿರುವ ಪ್ರತಿಯೊಬ್ಬ ಸಹೋದರನನ್ನು ಈ ದಿನ ಬಿಡಿಸು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ, ತಂದೆಯೇ. ಆಮೆನ್.