ದೂರಾನಾ?

ನಮ್ಮ ಕಡೆ ಚೀಲ ಹಿಡಿದು ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಹೋಗುವ ಕೆಲಸ ಕೆಡುತ್ತದಂತೆ. ‘ದೂರಾನಾ?’ ಅನ್ನಬೇಕು. ಹೊರಟವರು ‘ಹ್ಞೂಂ, ಇಲ್ಲೇ’ ಅಂದು ನಡೆಯುತ್ತಾರೆ. ಈ ಮರ್ಯಾದೆ ಗಂಡಸರಿಗೆ ಮಾತ್ರ ಎಂದು ಮದುವೆಯಾಗಿ ಈ ತೋಟದ ಮನೆಗೆ ಬಂದಮೇಲೆ ತಿಳಿಯಿತು. ಹೆಂಗಸು ಹೊಸ್ತಿಲು ದಾಟಲು ನೆಪ ಬೇಕು: ತವರು, ಬಾಣಂತನ, ಸಾವು, ಹರಕೆ. ಹರಕೆಯೇ ಸಲೀಸು, ದೇವರ ಹೆಸರಿಗೆ ಯಾರೂ ಅಡ್ಡ ಬರುವುದಿಲ್ಲ.

1984ರ ಕಾರ್ತಿಕ. ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿ ಇಳಿಸಿ, ಸುಲಿದು, ಒಡೆದು, ಉಂಡೆ ಕೊಬ್ಬರಿ ತಿಪಟೂರಿಗೆ ಹೋಗಿತ್ತು. ಕೈಗೆ ದುಡ್ಡು ಬಂದ ಹುರುಪಿಗೋ ಏನೋ, ಇವರು ಎಜ್ಡಿ ಒದ್ದು ‘ಬಾ’ ಅಂದರು. ಕೈಗಂಟಿದ್ದ ರಾಗಿಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಹಿಂದೆ ಕೂತೆ. ಎಲ್ಲಿಗೆಂದು ಅವರಿಗೂ ಗೊತ್ತಿರಲಿಲ್ಲ. ಹುಳಿಯಾರಿನಲ್ಲಿ ಟೀ ಕುಡಿದು, ಗಾಡಿಯನ್ನು ಬೋರನಕಣಿವೆ ಕಡೆ ತಿರುಗಿಸಿದರು. ಗುಡ್ಡಗಳ ನಡುವೆ ಸುವರ್ಣಮುಖಿಗೆ ಅಡ್ಡ ಕಟ್ಟಿದ ಏರಿ ಅದು, ಹತ್ತನೇ ಚಾಮರಾಜ ಒಡೆಯರ ಕಾಲದ್ದು. ಏರಿ ಮೇಲೆ ಕೂತು ಹಸಿ ಕಡಲೆಕಾಯಿ ಬಿಡಿಸಿ ತಿಂದೆವು. ಸಿಪ್ಪೆಯನ್ನು ಗಾಳಿಗೆ ಬಿಟ್ಟೆವು. ಅಷ್ಟೇ. ಆ ‘ಅಷ್ಟೇ’ಯನ್ನು ನಲವತ್ತು ವರ್ಷದಿಂದ ಮೆಲುಕು ಹಾಕುತ್ತಿದ್ದೇನೆ.

ಮರಳಿದಾಗ ಕತ್ತಲು. ಜಗಲಿಯಲ್ಲಿ ಅತ್ತೆ.

‘ಯಾವ ದೇವ್ರಿಗಮ್ಮ?’

‘ಗೋಡೆಕೆರೆಗತ್ತೆ. ಸಿದ್ದಪ್ಪನ ದರ್ಶನಕ್ಕೆ.’

‘ಪ್ರಸಾದ?’

ಒಳಗೆ ಹೋಗಿ ನಮ್ಮದೇ ದೇವರ ಗೂಡಿನ ವಿಭೂತಿಯನ್ನು ಪೊಟ್ಟಣ ಕಟ್ಟಿ ತಂದುಕೊಟ್ಟೆ. ಅತ್ತೆ ಕಣ್ಣಿಗೊತ್ತಿಕೊಂಡರು.

ಸುಳ್ಳು ಪಾಪವೇ, ಒಪ್ಪುತ್ತೇನೆ. ಆದರೆ ಅದಕ್ಕೂ ಮೊದಲು, ನೆಪವಿಲ್ಲದೆ ಪಟ್ಟ ಆ ಸಂತೋಷ ತಪ್ಪಾಗಿತ್ತೇ? ಬ್ರಹ್ಮಸೂತ್ರ ಬಲ್ಲವರು ದೇವರ ಸೃಷ್ಟಿಗೆ ಉದ್ದೇಶವಿಲ್ಲ, ಅದು ಬರೀ ಲೀಲೆ ಎನ್ನುತ್ತಾರೆ. ಅವನಿಗೆ ನೆಪ ಬೇಡ, ಅವನ ಭಕ್ತೆಗೆ ಮಾತ್ರ ಬೇಕು! ನಾನು ಹೆಸರು ಹೇಳಿ ತಪ್ಪಿಸಿಕೊಂಡ ಸಿದ್ದರಾಮನ ಕಥೆಯೂ ಇಲ್ಲಿಗೇ ಬರುತ್ತದೆ. ಸೊನ್ನಲಿಗೆಯಲ್ಲಿ ಪುಣ್ಯಕ್ಕೆಂದು ಕೆರೆ ತೋಡಿಸಿದವನು ಅವನು. ಊರಿಲ್ಲದ, ನೆಲೆಯಿಲ್ಲದ ಅಲ್ಲಮ ಅಲ್ಲಿಗೆ ಬಂದು ಅವನನ್ನು ಕೆಣಕಿದ್ದು ಶೂನ್ಯಸಂಪಾದನೆಯಲ್ಲಿದೆ. ಅಲ್ಲಮನ ಪಕ್ಷ ಹಿಡಿಯಲು ನನಗೆ ಬಲು ಆಸೆ. ಆದರೆ ಕಟ್ಟುವವರು ಇಲ್ಲದಿದ್ದರೆ ಅವತ್ತು ಕೂರಲು ಏರಿಯೇ ಇರುತ್ತಿರಲಿಲ್ಲ. ಎಜ್ಡಿಗೆ ಪೆಟ್ರೋಲ್ ಹಾಕಿಸಿದ್ದೂ ಅಟ್ಟ ಬಿಟ್ಟು ಅಲ್ಲಾಡದೆ ಕೂತಿದ್ದ ಕಾಯಿಯೇ.

ಆಮೇಲೆ ಮಕ್ಕಳು, ಬೋರ್‌ವೆಲ್, ಸಾಲ. ಎಜ್ಡಿ ಕೊಟ್ಟಿಗೆ ಸೇರಿತು. ಇವರು ಹೋಗಿ ಆರು ವರ್ಷ.

ಮೊನ್ನೆ ಮಗಳು ಬಾಗಿಲಿಗೆ ಕಾರು ತಂದು ‘ನಡಿಯಮ್ಮ’ ಅಂದಳು, ಥೇಟ್ ಅವರಪ್ಪನ ಹಾಗೆ. ಮಾತ್ರೆ, ಕನ್ನಡಕ, ಮಂಡಿಗೆ ಹಚ್ಚುವ ಎಣ್ಣೆ ಹುಡುಕುವುದರಲ್ಲೇ ಕಾಲು ಗಂಟೆ ಹೋಯಿತು. ಈ ವಯಸ್ಸಿನಲ್ಲಿ ದಿಢೀರನೆ ಹೊರಡಲಿಕ್ಕೂ ತಯಾರಿ ಬೇಕು. ಕಣಿವೆಗೆ ಹೋಗೋಣವಾ ಎಂದು ಕೇಳಿದಳು. ‘ಬೇಡ, ಗೋಡೆಕೆರೆಗೆ ನಡಿ’ ಅಂದೆ.

ಗುಡಿಯಲ್ಲಿ ಅರ್ಚಕರು ಕೇಳಿದರು: ‘ಏನಮ್ಮಾ, ಹರಕೆ ಇತ್ತಾ?’

‘ಇಲ್ಲ ಸ್ವಾಮಿ. ಸುಮ್ಮನೆ ಬಂದೆ.’

ವಿಭೂತಿ ಕೊಟ್ಟರು. ಪೊಟ್ಟಣ ಕಟ್ಟಲು ಒಂದು ಚೂರು ಕಾಗದ ಕೇಳಿದೆ.